ಮೊದಲು ನೆಲ ನೋಡಿ, ಆಮೇಲೆ ಮರ

ಬೆಳಿಗ್ಗೆ ಆರೂವರೆಗೆ ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಯಾರೋ ಪುರಿ ಚೆಲ್ಲಿ ಹೋದ ಹಾಗೆ ಇರುತ್ತದೆ. ಬಿಳಿ, ಅದರೊಳಗೆ ಸಣ್ಣಗೆ ನಸುಗೆಂಪು. ಏಳೂಕಾಲಕ್ಕೆ ಪೌರಕಾರ್ಮಿಕರು ಬಂದು ಗುಡಿಸಿ ಹೋಗುತ್ತಾರೆ. ಆಮೇಲೆ ಬಂದವರಿಗೆ ಅಲ್ಲಿ ಒಂದು ಹಸಿರು ಮರ ಕಾಣುತ್ತದೆ, ಅಷ್ಟೇ. ಹೊಂಗೆ ಹೂ ತೀರಾ ಚಿಕ್ಕದು. ಎಲೆಗಳ ನಡುವೆ ಅಡಗಿರುತ್ತದೆ. ನಾನು ಎಷ್ಟೋ ವರ್ಷ ಏಳೂವರೆಗೆ ವಾಕಿಂಗ್ ಹೊರಡುತ್ತಿದ್ದೆ. ಆ ಮರ ಹೂ ಬಿಡುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂದು ದಿನ ಬೇಗ ಎಚ್ಚರವಾಯಿತು, ಸುಮ್ನೆ ಹೊರಗೆ ಬಂದೆ, ಕಂಡಿತು.

ದಿನಾ ನಡೆಯುವ ಅಭ್ಯಾಸ ಇರುವವರಿಗೆ, ದಾರಿಯ ಹೂಮರಗಳನ್ನು ಗುರುತಿಸಬೇಕು ಅಂತ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಬೆಂಗಳೂರು, ಹಾಗಾಗಿ ಇಲ್ಲಿನ ಮರಗಳೇ ಜಾಸ್ತಿ. ಮೈಸೂರು, ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಯಲ್ಲೂ ಇವುಗಳಲ್ಲಿ ಬಹಳಷ್ಟು ಇವೆ. ಹೂ ಬಿಡುವ ದಿನ ಊರಿಂದ ಊರಿಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಯಾವಾಗ ಶುರು ಮಾಡಬೇಕು

ಪಂಚಾಂಗದ ಪ್ರಕಾರ ವಸಂತ ಅಂದರೆ ಚೈತ್ರ, ವೈಶಾಖ. ಮರಗಳು ಅಲ್ಲಿವರೆಗೆ ಕಾಯುವುದಿಲ್ಲ. ಸಂಕ್ರಾಂತಿ ಕಳೆದ ವಾರವೇ ನೀವು ಶುರು ಮಾಡಿ.

ನಮ್ಮ ಕಡೆ ಎಲೆ ಉದುರುವ ಕಾಲ, ಹೂ ಬಿಡುವ ಕಾಲ ಎರಡೂ ಒಂದರೊಳಗೆ ಒಂದು ಬೆರೆತಿವೆ. ಮುತ್ತುಗ, ಬೂರುಗ, ಟಬೆಬುಯಾ ಮೊದಲು ಎಲೆ ಕಳಚುತ್ತವೆ. ಬರೀ ಕೊಂಬೆಯ ಮೇಲೆ ಹೂ ತುಂಬಿಕೊಳ್ಳುತ್ತವೆ. ಎಲೆಯ ಅಡ್ಡಿ ಇಲ್ಲದ್ದರಿಂದ ಹಕ್ಕಿಗೂ ಜೇನಿಗೂ ದೂರದಿಂದಲೇ ಹೂ ಕಾಣುತ್ತದೆ. ಹೂ ಕಾಯಾಗಿ, ಬೀಜ ಉದುರುವ ಹೊತ್ತಿಗೆ ಮಳೆಗಾಲ ಹತ್ತಿರ ಬಂದಿರುತ್ತದೆ. ಹಾಗಾಗಿ ಜನವರಿಯಲ್ಲಿ ಬೋಳು ಮರ ಕಂಡರೆ ಒಣಗಿತು ಅಂದುಕೊಳ್ಳಬೇಡಿ. ಕೊಂಬೆಯ ತುದಿ ನೋಡಿ. ಅಲ್ಲಿ ಮೊಗ್ಗು ಉಬ್ಬಿದ್ದರೆ ಇನ್ನು ಕೆಲವೇ ದಿನ.

ಬೆಂಗಳೂರಿನ ಸರದಿ ಸುಮಾರಾಗಿ ಹೀಗಿದೆ. ಜನವರಿ, ಫೆಬ್ರವರಿಯಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಮಾವಿನ ಹೂ, ಬೂರುಗ, ಮುತ್ತುಗ. ಶಿವರಾತ್ರಿ ಆಸುಪಾಸಿನಲ್ಲಿ ಹಳದಿ ಟಬೆಬುಯಾ, ಅದರ ಹಿಂದೆಯೇ ನೇರಳೆ ಬಣ್ಣದ ಜಕರಂದಾ. ಮಾರ್ಚ್, ಏಪ್ರಿಲ್‌ನಲ್ಲಿ ಹೊಂಗೆ, ಬೇವು, ಮಳೆಮರ. ಬಿಸಿಲು ಏರಿದಾಗ ಕಕ್ಕೆ, ಗುಲ್‌ಮೊಹರ್, ಹೊಳೆದಾಸವಾಳ.

ಒಂದು ಮುಗಿಯುವಾಗ ಇನ್ನೊಂದು ಶುರುವಾಗುವುದು ಪೂರ್ತಿ ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್, ವರ್ಷವಿಡೀ ಊರಿನಲ್ಲಿ ಯಾವುದಾದರೂ ಮರ ಹೂವಿನಲ್ಲಿರಬೇಕು ಅಂತ ಯೋಚಿಸಿ ಮರಗಳನ್ನು ಆರಿಸಿದರು. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವರು ಅವರು. ಬೇರೆ ದೇಶದ ಎಷ್ಟೋ ಮರಗಳು ಅವರ ಕಾಲದಲ್ಲಿ ಇಲ್ಲಿಗೆ ಬಂದವು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಬಡಾವಣೆಗಳ ರಸ್ತೆ ಬದಿಯಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಇವತ್ತು ಬೀದಿಯಲ್ಲಿ ನಮ್ಮ ಕಾಲಿನ ಕೆಳಗೆ ಬೀಳುವ ಹೂವಿನಲ್ಲಿ ಇಂಥವರ ಕೈ ಇದೆ. ಇದು ಗೊತ್ತಾದ ಮೇಲೆ ನಾನು ಮರಗಳ ವಯಸ್ಸನ್ನೂ ಯೋಚಿಸತೊಡಗಿದೆ.

ಒಂದೇ ದಾರಿ ಇಟ್ಟುಕೊಳ್ಳಿ

ದಿನಕ್ಕೊಂದು ಪಾರ್ಕು ಸುತ್ತಬೇಡಿ. ಮನೆಯಿಂದ ಅರ್ಧ ಗಂಟೆಯಲ್ಲಿ ಹೋಗಿ ಬರುವ ಒಂದು ದಾರಿ ಸಾಕು. ಅದನ್ನೇ ಮೇ ತಿಂಗಳವರೆಗೆ ಹಿಡಿಯಿರಿ. ಲಾಲ್‌ಬಾಗ್‌ಗೆ ಒಂದು ದಿನ ಹೋಗಿ ಬಂದರೆ ನೂರು ಹೂ ಕಾಣುತ್ತವೆ, ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಬಸ್ ಸ್ಟಾಪ್ ಪಕ್ಕದ ಒಂದೇ ಮರವನ್ನು ಎರಡು ತಿಂಗಳು ನೋಡಿದರೆ ಅದು ಮರೆಯುವುದೇ ಇಲ್ಲ. ಎಲೆ ಯಾವ ವಾರ ಹಳದಿಯಾಯಿತು, ಯಾವ ಕೊಂಬೆ ಮೊದಲು ಚಿಗುರಿತು, ಎಲ್ಲ ಗೊತ್ತಾಗುತ್ತದೆ.

ದಾರಿ ಚಂದ ಇರಬೇಕು ಅಂತೇನಿಲ್ಲ. ಖಾಲಿ ಸೈಟ್ ಇದ್ದರೆ ಒಳ್ಳೆಯದು. ಅಲ್ಲಿ ಎಕ್ಕ ಇರುತ್ತದೆ. ಎಕ್ಕದ ಹೂವನ್ನು ಬಗ್ಗಿ ನೋಡಿ. ಐದು ಎಸಳು, ನಡುವೆ ಕಿರೀಟದ ಹಾಗೆ ಒಂದು ಕಟ್ಟು. ದಪ್ಪ ಕಪ್ಪು ದುಂಬಿ ಅದನ್ನು ಹುಡುಕಿಕೊಂಡು ಬರುತ್ತದೆ. ಕೀಳಬೇಡಿ, ಅದರ ಹಾಲು ಕಣ್ಣಿಗೆ ತಗುಲಿದರೆ ಅಪಾಯ.

ಹೊತ್ತಿನ ವಿಷಯ ಆಗಲೇ ಹೇಳಿದೆ. ಪೊರಕೆ ಬರುವ ಮೊದಲು ಹೊರಡಿ.

ನೆಲ ನೋಡುವುದು

ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವ ಹೆಜ್ಜೆ ಇದು. ಹೂಮರ ಅಂದ ಕೂಡಲೇ ಎಲ್ಲರೂ ತಲೆ ಎತ್ತುತ್ತಾರೆ. ತಲೆ ಎತ್ತಿದರೆ ಕಾಣುವುದು ಬಣ್ಣ ಮಾತ್ರ. ಹೂವಿನ ಆಕಾರ, ಎಸಳಿನ ಲೆಕ್ಕ, ವಾಸನೆ ಇವೆಲ್ಲ ನಲವತ್ತು ಅಡಿ ಮೇಲೆ ಇರುತ್ತವೆ. ಅದೇ ಹೂ ನಿಮ್ಮ ಚಪ್ಪಲಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಅದನ್ನು ಎತ್ತಿಕೊಳ್ಳಿ.

ಎತ್ತಿಕೊಂಡ ಹೂವನ್ನು ಅಂಗೈ ಮೇಲೆ ಇಟ್ಟು ನಾಲ್ಕು ವಿಷಯ ನೋಡಿ. ಎಸಳು ಬಿಡಿಬಿಡಿಯಾಗಿ ಇವೆಯೋ, ಅಂಟಿಕೊಂಡು ಕೊಳವೆಯಾಗಿವೆಯೋ? ಎಸಳು ಎಲ್ಲ ಒಂದೇ ಥರ ಇವೆಯೋ, ಒಂದು ಮಾತ್ರ ಬೇರೆಯೋ? ಕೇಸರ ಕೆಲವೇ ಇವೆಯೋ, ಕುಂಚದ ಹಾಗೆ ತುಂಬಾ ಇವೆಯೋ? ಹೂ ಹಗುರವೋ, ಕೈಗೆ ಭಾರ ತಿಳಿಯುತ್ತದೆಯೋ? ಇಷ್ಟರಲ್ಲೇ ಅರ್ಧ ಕೆಲಸ ಆಯಿತು.

ಹೂ ಒಂದೇ ಅಲ್ಲ, ನೆಲದ ಮೇಲೆ ಕಳೆದ ವರ್ಷದ ಕಾಯಿಯೂ ಇರುತ್ತದೆ. ಚಪ್ಪಟೆ, ದುಂಡಗೆ, ಎರಡು ಹೋಳಾಗಿ ಬಾಯಿ ಬಿಟ್ಟ ಗಟ್ಟಿ ಕಾಯಿ ಸಿಕ್ಕರೆ ಅದು ಜಕರಂದಾ. ಒಂದು ಅಡಿಗೂ ಉದ್ದದ ಚಪ್ಪಟೆ ಕತ್ತಿಯಂಥದ್ದು ಗುಲ್‌ಮೊಹರ್. ನಾವು ಚಿಕ್ಕವರಿದ್ದಾಗ ಅದರಲ್ಲಿ ಕತ್ತಿವರಸೆ ಆಡಿದವರೇ ಅಲ್ವಾ? ಕೋಲಿನ ಹಾಗೆ ಉರುಟಾಗಿ, ಕಪ್ಪಗೆ ಉದ್ದ ಇದ್ದರೆ ಕಕ್ಕೆ. ತಾಮ್ರದ ಬಣ್ಣದ ಚಿಕ್ಕ ಚಪ್ಪಟೆ ಕಾಯಿ ರಾಶಿ ಬಿದ್ದಿದ್ದರೆ ಪೆಲ್ಟೋಫೋರಂ. ಹೂ ಬಿಡುವ ಮೊದಲೇ ಮರದ ಹೆಸರು ತಿಳಿದುಕೊಳ್ಳಲು ಕಾಯಿ ಸಾಕು.

ಈಗ ತಲೆ ಎತ್ತಿ

ಮರದ ಬುಡದಲ್ಲಿ ನಿಂತು ನೋಡಬೇಡಿ, ಕುತ್ತಿಗೆ ನೋಯುತ್ತದೆ, ಮರವೂ ಕಾಣುವುದಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ನೋಡಿ. ಎಲೆ ಇದೆಯಾ, ಇಲ್ಲವಾ? ಹೂಗೊಂಚಲು ಮೇಲಕ್ಕೆ ನಿಂತಿದೆಯಾ, ಕೆಳಗೆ ಇಳಿಬಿದ್ದಿದೆಯಾ? ತೊಗಟೆಯ ಮೇಲೆ ಮುಳ್ಳಿದೆಯಾ?

ಹಳದಿ ಹೂಗಳು ಇಷ್ಟರಿಂದಲೇ ಬೇರೆಯಾಗುತ್ತವೆ. ಎಲೆಯಿಲ್ಲದ ಸೊಟ್ಟ ಕೊಂಬೆಯ ಮೇಲೆ ತುತ್ತೂರಿಯಂಥ ಹೂ ಇದ್ದರೆ ಹಳದಿ ಟಬೆಬುಯಾ. ದ್ರಾಕ್ಷಿ ಗೊಂಚಲಿನ ಹಾಗೆ ಇಳಿಬಿದ್ದಿದ್ದರೆ ಕಕ್ಕೆ. ಹಸಿರು ಮರದ ನೆತ್ತಿಯ ಮೇಲೆ ನೆಟ್ಟಗೆ ನಿಂತ ಗೊಂಚಲು, ಮುದುರಿದ ಎಸಳು ಇದ್ದರೆ ಪೆಲ್ಟೋಫೋರಂ. ಬಂಡೆ ಬೆಟ್ಟ ಹತ್ತಲು ಹೋದಾಗ ಫೆಬ್ರವರಿಯಲ್ಲಿ ಬೋಳು ಗಿಡದ ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಕಂಡರೆ ಅದು ಅರಿಶಿನ ಬೂರುಗ. ಅದನ್ನು ಒಮ್ಮೆ ನೋಡಿದವರು ಆ ಬೆಟ್ಟಕ್ಕೆ ಮತ್ತೆ ಹೋಗುತ್ತಾರೆ.

ಗುಲಾಬಿ ಟಬೆಬುಯಾ, ಜಕರಂದಾ ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಎರಡೂ ದಕ್ಷಿಣ ಅಮೆರಿಕದ ಕಡೆಯಿಂದ ಬಂದವು, ಎರಡರದ್ದೂ ಕೊಳವೆ ಹೂ. ಎಲೆ ನೋಡಿದರೆ ಅನುಮಾನ ಉಳಿಯುವುದಿಲ್ಲ. ಜಕರಂದಾ ಎಲೆ ಜರಿಗಿಡದ ಹಾಗೆ ಸಣ್ಣಸಣ್ಣದು. ಟಬೆಬುಯಾ ಎಲೆ ಐದು ಬೆರಳು ಬಿಡಿಸಿದ ಕೈ.

ಅಶೋಕದ ಬಗ್ಗೆಯೂ ಒಂದು ಮಾತು. ಕಾಂಪೌಂಡಿನ ಪಕ್ಕದಲ್ಲಿ ಕಂಬದ ಹಾಗೆ ಬೆಳೆಯುವ, ಅಲೆಅಲೆ ಎಲೆಯ ಮರವನ್ನು ಎಲ್ಲರೂ ಅಶೋಕ ಅನ್ನುತ್ತಾರೆ. ಅದು ಬೇರೆ ಮರ, ಅದರ ಹೂ ತಿಳಿ ಹಸಿರು ನಕ್ಷತ್ರ. ನಿಜವಾದ ಅಶೋಕ ಸೀತಾಶೋಕ. ಕಿತ್ತಳೆ ಬಣ್ಣದ ಗೊಂಚಲು ದಿನ ಕಳೆದಂತೆ ಕೆಂಪಾಗುತ್ತದೆ. ಅದರ ಚಿಗುರು ತಾಮ್ರದ ಬಣ್ಣದಲ್ಲಿ ಸೋತ ಹಾಗೆ ಜೋತು ಬಿದ್ದಿರುತ್ತದೆ. ಸೀತಾಶೋಕ ಎಲ್ಲಿದೆ ಅಂತ ನಿಮ್ಮ ಊರಿನಲ್ಲಿ ಹುಡುಕಿ, ಹಳೆಯ ತೋಟ, ದೇವಸ್ಥಾನದ ಅಂಗಳದಲ್ಲಿ ಸಿಗಬಹುದು.

ಕೆಂಪು ಹೂಗಳ ಗೊಂದಲ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಹೊಸದಾಗಿ ನೋಡುವವರು ಎಡವುವುದು ಇಲ್ಲೇ. ಕೆಂಪು ಕಂಡ ಕೂಡಲೇ "ಗುಲ್‌ಮೊಹರ್" ಅನ್ನುತ್ತೇವೆ. ಫೆಬ್ರವರಿಯಲ್ಲಿ ಕಂಡ ಕೆಂಪು ಸಾಮಾನ್ಯವಾಗಿ ಗುಲ್‌ಮೊಹರ್ ಅಲ್ಲ. ಅದರ ಸರದಿ ಏಪ್ರಿಲ್ ನಂತರ.

ಮುತ್ತುಗ ಪೂರ್ತಿ ಕೆಂಪಲ್ಲ, ಬೆಂಕಿಯ ಕಿತ್ತಳೆ. ಬಿದ್ದ ಹೂ ನೋಡಿದರೆ ಗಿಳಿಯ ಕೊಕ್ಕು. ಹೂವಿನ ಬುಡದ ಬಟ್ಟಲು ಕಪ್ಪಗೆ, ಮಖಮಲ್ಲಿನ ಹಾಗೆ ನುಣುಪು. ವಾಸನೆ ಇಲ್ಲ. ಮೂಸಿ ನೋಡಿ, ಏನೂ ಬರುವುದಿಲ್ಲ. ಹಕ್ಕಿಗಳನ್ನು ಕರೆಯಲು ಬಣ್ಣ ಸಾಕು, ಅವು ವಾಸನೆ ಹಿಡಿದು ಬರುವವಲ್ಲ. ಎಲೆ ಮೂರು ಮೂರು. ಊಟದ ಎಲೆ ಹಚ್ಚಲು ತರುತ್ತಿದ್ದದ್ದು ಇದನ್ನೇ. ಇದರ ಹೂವನ್ನು ನೀರಿನಲ್ಲಿ ಕುದಿಸಿ ಹೋಳಿ ಹಬ್ಬಕ್ಕೆ ಬಣ್ಣ ಮಾಡುತ್ತಾರೆ. ಊರೊಳಗೆ ಕಡಿಮೆ. ಬಸ್ಸಿನಲ್ಲಿ ಹೋಗುವಾಗ ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಕಣ್ಣಿಟ್ಟಿರಿ.

ಬೂರುಗದ ಹೂ ನೆಲಕ್ಕೆ ಬೀಳುವಾಗ ಸದ್ದಾಗುತ್ತದೆ. ಅಷ್ಟು ಭಾರ. ಐದು ದಪ್ಪ ಎಸಳು, ನಡುವೆ ಕುಂಚದಂಥ ಕೇಸರ. ಎಳೆಯ ಮರದ ಕಾಂಡದ ತುಂಬಾ ಮೊನಚು ಮುಳ್ಳು. ಕೊಂಬೆಗಳು ಮಹಡಿಗಳ ಹಾಗೆ ಸುತ್ತಲೂ ಅಡ್ಡಕ್ಕೆ ಹೋಗಿರುತ್ತವೆ. ಏಪ್ರಿಲ್ ಹೊತ್ತಿಗೆ ಕಾಯಿ ಒಡೆದು ಹತ್ತಿ ಹಾರುತ್ತದೆ.

ಹಾಲುವಾಣಕ್ಕೂ ಮುಳ್ಳಿದೆ, ಹೂ ಮಾತ್ರ ಬೇರೆ. ಉದ್ದನೆಯ ಕೆಂಪು ಎಸಳು, ಮೊಗ್ಗಿನ ಗೊಂಚಲು ಹುಲಿ ಉಗುರಿನ ಹಾಗೆ ಬಾಗಿರುತ್ತದೆ. ಇದರ ಎಲೆಯೂ ಮೂರು ಮೂರು. ಹಳ್ಳಿಗಳಲ್ಲಿ ಬೇಲಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಡುತ್ತಾರೆ.

ನೀರುಕಾಯಿ ಮರ ಆಫ್ರಿಕಾದ್ದು. ಹೂ ಒಂದು ದೊಡ್ಡ ಕೆಂಪು ಬಟ್ಟಲು, ಅಂಚಿಗೆ ತೆಳ್ಳಗೆ ಹಳದಿ ಗೆರೆ. ಮೊಗ್ಗು ಒತ್ತಿದರೆ ನೀರು ಚಿಮ್ಮುತ್ತದೆ. ಶಾಲೆಯ ಅಂಗಳದಲ್ಲಿ ಈ ಮರ ಇದ್ದವರಿಗೆ ಗುರುತು ಹೇಳಬೇಕಾಗಿಲ್ಲ.

ಇನ್ನು ಗುಲ್‌ಮೊಹರ್. ಅದರ ಊರು ಮಡಗಾಸ್ಕರ್. ಐದು ಎಸಳಿನಲ್ಲಿ ನಾಲ್ಕು ಒಂದೇ ಥರ ಕೆಂಪು. ಐದನೆಯದು ನೆಟ್ಟಗೆ ನಿಂತಿರುತ್ತದೆ, ಅದರ ಮೇಲೆ ಬಿಳಿ ಹಳದಿ ಚಿತ್ತಾರ. ಎಲ್ಲ ಕೆಂಪು ಹೂಗಳಲ್ಲೂ ನನಗೆ ಇದೊಂದು ಎಸಳು ತುಂಬಾ ಇಷ್ಟ. ಬಿದ್ದ ಹೂವಿನಿಂದ ಅದನ್ನು ಬೇರೆ ಮಾಡಿ ನೋಟ್‌ಬುಕ್ಕಿನಲ್ಲಿ ಒತ್ತಿಡಿ.

ಮೂಗು, ಕಿವಿ

ಬೇವಿನ ಹೂ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ತಿಳಿಯುತ್ತದೆ. ಮಾರ್ಚ್ ಕೊನೆಯಲ್ಲಿ ರಾತ್ರಿ ಊಟ ಆದ ಮೇಲೆ ಒಂದು ಸುತ್ತು ಹೋಗಿ. ಸಿಹಿಯಾದ, ತೆಳುವಾದ ಒಂದು ವಾಸನೆ ತೇಲಿ ಬರುತ್ತದೆ, ಜೇನಿನ ಹತ್ತಿರದ್ದು. ಅಷ್ಟು ಕಹಿ ಮರಕ್ಕೆ ಅಂಥ ವಾಸನೆ. ಯುಗಾದಿಯ ಬೇವು ಬೆಲ್ಲಕ್ಕೆ ಎಲೆಯ ಬದಲು ಹೂವನ್ನೇ ಹಾಕುವ ಮನೆಗಳು ಇವೆ, ನಮ್ಮದೂ ಹಾಗೇ. ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆ ಅಂತ ಇದೆಯಲ್ಲ, ಮಾರ್ಗೋಸಾ ಅಂದರೆ ಬೇವು. ಪಕ್ಕದ್ದು ಸಂಪಿಗೆ ರಸ್ತೆ. ರಸ್ತೆಗೆ ಮರದ ಹೆಸರಿಟ್ಟ ಊರು ಇದು.

ನಾಗಲಿಂಗದ ವಾಸನೆಗೆ ಬೆಳಗಿನ ಜಾವವೇ ಸರಿ. ಅದರ ಹೂ ಕೊಂಬೆಯ ತುದಿಯಲ್ಲಿ ಇರುವುದಿಲ್ಲ, ಕಾಂಡದಿಂದಲೇ ಹೊರಟ ಗೊಂಚಲಿನಲ್ಲಿ ಬಿಡುತ್ತದೆ. ಬಕುಲ ಇನ್ನೂ ಚಿಕ್ಕದು, ಬೆಳಗಾಗುವ ಮೊದಲೇ ಉದುರುತ್ತದೆ. ನಾಲ್ಕು ಹೂ ಕರವಸ್ತ್ರದಲ್ಲಿ ಕಟ್ಟಿಕೊಳ್ಳಿ, ಒಣಗಿದರೂ ವಾಸನೆ ಹೋಗುವುದಿಲ್ಲ.

ಕಿವಿಗೆ ಹೊಂಗೆ. ಹೂ ತುಂಬಿದ ಹೊಂಗೆಯ ಕೆಳಗೆ ಬಿಸಿಲು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಇಡೀ ಮರ ಗುಂಯ್ ಅನ್ನುತ್ತಿರುತ್ತದೆ. ಫೋನು, ಇಯರ್‌ಫೋನು ಜೇಬಿನಲ್ಲಿ ಇರಲಿ.

ಹತ್ತು ನಿಮಿಷ ನಿಂತು ನೋಡಿ

ವಾರಕ್ಕೆ ಒಂದು ದಿನವಾದರೂ ಒಂದು ಮರದ ಎದುರು 10 ನಿಮಿಷ ನಿಲ್ಲಿ. ಬೂರುಗ ಸಿಕ್ಕರೆ ಅದೇ ಒಳ್ಳೆಯದು. ಗೊರವಂಕ, ಕಾಗೆ, ಅಳಿಲು, ಸೂರಕ್ಕಿ, ಎಲ್ಲ ಸರದಿಯಲ್ಲಿ ಬರುತ್ತವೆ. ಯಾರು ಹೂವಿನೊಳಗೆ ತಲೆ ಹಾಕುತ್ತಾರೆ, ಯಾರು ಪಕ್ಕದಿಂದ ತೂತು ಮಾಡಿ ರಸ ಕದಿಯುತ್ತಾರೆ ನೋಡಿ. ತಲೆ ಹಾಕಿದ ಹಕ್ಕಿಯ ಹಣೆಗೆ ಪರಾಗ ಹತ್ತಿರುತ್ತದೆ. ಮರಕ್ಕೆ ಬೇಕಾದದ್ದು ಅದು.

ಹಿಪ್ಪೆ ಮರ ಗೊತ್ತಿದ್ದರೆ ಅದರ ಹತ್ತಿರ ಕತ್ತಲಾದ ಮೇಲೆ ಹೋಗಬೇಕು. ಬಾವಲಿಗಳು ಬರುತ್ತವೆ. ಬೆಳಿಗ್ಗೆ ನೆಲದ ಮೇಲೆ ಕೆನೆ ಬಣ್ಣದ ದಪ್ಪ ಹೂ ಬಿದ್ದಿರುತ್ತವೆ, ಸಿಹಿಯಾಗಿರುತ್ತವೆ. ಹಳೆಯ ಹೆದ್ದಾರಿಗಳ ಪಕ್ಕದಲ್ಲಿ ಹಿಪ್ಪೆ ಸಾಲು ಅಲ್ಲಲ್ಲಿ ಇನ್ನೂ ಉಳಿದಿದೆ.

ಹೆಜ್ಜೇನು ಗೂಡು ಇರುವ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಫೋಟೋಕ್ಕೆ ಹೂ ಉದುರಲಿ ಅಂತ ಕೊಂಬೆ ಅಲುಗಾಡಿಸುವುದನ್ನು ನಾನು ನೋಡಿದ್ದೇನೆ, ನನಗೆ ತುಂಬಾ ನೋವಾಗುತ್ತದೆ. ಆ ಹೂವಿನಲ್ಲಿ ಇನ್ನೂ ಯಾರಿಗೋ ಊಟ ಇರುತ್ತದೆ.

ಬರೆದಿಡಿ

ಚಿಕ್ಕ ನೋಟ್‌ಬುಕ್ ಸಾಕು. ನಿಮ್ಮ ದಾರಿಯಲ್ಲಿ ಮೂರೇ ಮರ ಆರಿಸಿ. ಪ್ರತಿ ವಾರ ಅದೇ ದಿನ ನಾಲ್ಕು ಮಾತು ಬರೆಯಿರಿ. ಎಲೆ ಎಷ್ಟಿದೆ, ಚಿಗುರು ಬಂತೇ, ಮೊಗ್ಗು, ಅರಳಿದ ಹೂ, ಕಾಯಿ. ಎಲೆಯ ಮೇಲೆ ಗಂಟು ಕಂಡರೆ ಅದನ್ನೂ ಬರೆಯಿರಿ. ಹೊಂಗೆ ಎಲೆಯ ಮೇಲಿನ ಆ ಗುಳ್ಳೆಗಳನ್ನು ಕಣ್ಣಿಗೆ ಕಾಣದ ನುಸಿ ಮಾಡುತ್ತದೆ, ಮರಕ್ಕೆ ಏನೋ ರೋಗ ಬಂತು ಅಂತ ಗಾಬರಿ ಬೇಡ.

ತಾರೀಖು ತಪ್ಪದೆ ಹಾಕಿ. "ಯುಗಾದಿಗೆ ಅರಳಿತು" ಅಂತ ಬರೆದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಮೂರು ವಾರದ ವ್ಯತ್ಯಾಸ. ಮರ ನೋಡುವುದು ಬಿಸಿಲು, ತೇವ, ಹಗಲಿನ ಉದ್ದ.

ಹೀಗೆ ಬರೆದದ್ದನ್ನು ಹಂಚಿಕೊಳ್ಳಬೇಕು ಅನಿಸಿದರೆ ಸೀಸನ್‌ವಾಚ್ ಅನ್ನುವ ಯೋಜನೆ ಇದೆ. ದೇಶದ ಬೇರೆ ಬೇರೆ ಕಡೆಯ ಜನ, ಶಾಲೆಯ ಮಕ್ಕಳು ತಮ್ಮ ಮರವನ್ನು ವಾರಕ್ಕೊಮ್ಮೆ ನೋಡಿ ಅಲ್ಲಿ ದಾಖಲಿಸುತ್ತಾರೆ. ಹವಾಮಾನ ಬದಲಾದಂತೆ ಹೂವಿನ ಕಾಲ ಹೇಗೆ ಬದಲಾಗುತ್ತಿದೆ ಅಂತ ತಿಳಿಯಲು ಇಂಥ ಲೆಕ್ಕ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರ ಕೈಗೆ ಕೊಡಿ.

ಹೆಸರು ಗೊತ್ತಾಗದಿದ್ದರೆ ಫೋನಿನ ಆ್ಯಪ್ ಇದೆ ನಿಜ. ಅದಕ್ಕಿಂತ ಮೊದಲು ಹೂ ಮಾರುವ ಅಮ್ಮನನ್ನು, ಪಾರ್ಕಿನ ಮಾಲಿಯನ್ನು ಕೇಳಿ. ಆ್ಯಪ್ ಕೊಡುವುದು ಲ್ಯಾಟಿನ್ ಹೆಸರು. ಅವರು ಕೊಡುವುದು ಅವರ ಊರಿನ ಹೆಸರು. ಬಕುಲ ಒಂದು ಕಡೆ ರಂಜಲ, ಇನ್ನೊಂದು ಕಡೆ ರೆಂಜೆ. ಎರಡನ್ನೂ ಬರೆದುಕೊಳ್ಳಿ.

ಬೇರೆ ಊರಿನಲ್ಲಿದ್ದರೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಕಾಫಿ ಹೂವಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಹದ ಮಳೆ ಬೀಳುತ್ತದೆ, ಅದಕ್ಕೆ ಹೂಮಳೆ ಅಂತಲೇ ಹೆಸರು. ಅದಾಗಿ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಕಂದಿ ಹೋಗುತ್ತದೆ. ಆ ಕಡೆ ನೆಂಟರಿದ್ದರೆ ಮಳೆ ಬಂದ ದಿನ ಫೋನ್ ಮಾಡಿ ಹೇಳಲು ಹೇಳಿಟ್ಟಿರಿ. ಮಲೆನಾಡು, ಉತ್ತರ ಕನ್ನಡದಲ್ಲಿ ಸುರಗಿ ಹುಡುಕಿ. ಕೊಂಬೆಗೇ ಅಂಟಿಕೊಂಡು ಬಿಡುವ ಬಿಳಿ ಹೂ, ಮೊಗ್ಗನ್ನು ಕೊಯ್ದು ದಂಡೆ ಮಾಡುತ್ತಾರೆ, ಒಣಗಿದರೂ ಪೆಟ್ಟಿಗೆಯಲ್ಲಿ ಘಮ ಉಳಿಯುತ್ತದೆ. ಮೊದಲ ಮಳೆಯ ಹೊತ್ತಿಗೆ ಅಲ್ಲಿನ ಹಳೆಯ ಮರಗಳ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂ ಜೋತು ಬೀಳುತ್ತದೆ. ಕಲಬುರಗಿ, ವಿಜಯಪುರದ ಕಡೆಯವರು ಬೇವಿನಿಂದ ಶುರು ಮಾಡಿ. ಅಲ್ಲಿ ಬೇವಿಗೆ ಬರವಿಲ್ಲ.

ಮೇ ಎರಡನೆಯ ವಾರ ನಿಮ್ಮ ದಾರಿಯಲ್ಲಿ ಮತ್ತೊಮ್ಮೆ ನೆಲ ನೋಡಿ. ಹೊಂಗೆಯ ಪುರಿ ಇರುವುದಿಲ್ಲ. ಅದರ ಬದಲು ಪೆಲ್ಟೋಫೋರಂನ ಹಳದಿ, ಗುಲ್‌ಮೊಹರ್‌ನ ಕೆಂಪು ಒಂದರ ಮೇಲೊಂದು ಬಿದ್ದಿರುತ್ತವೆ. ತಲೆ ಎತ್ತಿದರೆ ಹೊಂಗೆಯ ಕೊಂಬೆಯಲ್ಲಿ ಬೆರಳುದ್ದದ ಚಪ್ಪಟೆ ಹಸಿರು ಕಾಯಿಗಳು ಕಾಣುತ್ತವೆ. ಅವು ಮಾಗಿ ಬೀಳಲು ಇನ್ನೂ ತುಂಬಾ ದಿನ ಇದೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಪುಟ ಖಾಲಿ ಬಿಟ್ಟಿರಿ.